ರೆಫರೆನ್ಸ್ ಜೋಡಿಸೋಕೆ ಯಾವುದು ಸರಿ: ಝೊಟೆರೊ, ಮೆಂಡೆಲಿ, ಎಂಡ್‌ನೋಟ್, ಬಿಬ್‌ಟೆಕ್, ಇಲ್ಲಾ ಬರೀ ಕೈಯಾ?

ನನ್ನ ಮೊದಲ ಸಂಶೋಧನಾ ಪೇಪರ್‌ನಲ್ಲಿ 64 ರೆಫರೆನ್ಸ್, ಅಂದರೆ ಆಧಾರವಾಗಿ ತೋರಿಸಿದ ಬೇರೆ ಪೇಪರ್‌ಗಳ ವಿವರ, ಇದ್ದವು. ಅಷ್ಟನ್ನೂ ಕೈಯಲ್ಲೇ ಟೈಪ್ ಮಾಡಿದ್ದೆ. ನಂಬರ್ ಕೂಡ ನಾನೇ ಹಾಕಿದ್ದೆ. ರಾಗಿಯ ಬೆಂಕಿ ರೋಗದ ಮೇಲಿನ ಕೆಲಸ ಅದು. ಮೂರು ತಿಂಗಳಾದ ಮೇಲೆ ಜರ್ನಲ್‌ನಿಂದ ಪತ್ರ ಬಂತು. ದೊಡ್ಡ ತಕರಾರು ಏನೂ ಇರಲಿಲ್ಲ. ಮೊದಲ ಪ್ಯಾರಾದಲ್ಲಿ ಎರಡು ಹಳೆಯ ಪೇಪರ್ ಸೇರಿಸಿ ಅಂತ, ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ಒಬ್ಬ ರಿವ್ಯೂವರ್ ಕೇಳಿದ್ದರು, ಅಷ್ಟೇ.

ಎರಡೇ ಪೇಪರ್. ಆದರೆ ಅವು ಬಂದು ಕೂತ ತಕ್ಷಣ 4 ಇದ್ದದ್ದು 6 ಆಗಬೇಕು, 5 ಇದ್ದದ್ದು 7 ಆಗಬೇಕು, ಹೀಗೇ 64ರ ತನಕ. ರಾತ್ರಿ ಹನ್ನೊಂದು ಗಂಟೆಗೆ ನಿದ್ದೆಗಣ್ಣಲ್ಲಿ 'ರಿಪ್ಲೇಸ್ ಆಲ್' ಒತ್ತಿಬಿಟ್ಟೆ. ರೆಫರೆನ್ಸ್ ನಂಬರ್ ಬದಲಾಯಿತು, ಜೊತೆಗೆ 24 ಡಿಗ್ರಿಯಲ್ಲಿ ಬೆಳೆಸಿದ್ದ ಶಿಲೀಂಧ್ರ 26 ಡಿಗ್ರಿಗೆ ಏರಿ ಕೂತಿತು. ಅದನ್ನು ಹಿಡಿದದ್ದು ನಾನಲ್ಲ, ನಮ್ಮ ಗೈಡ್. ಅದೂ ಪ್ರೂಫ್ ಬಂದ ಮೇಲೆ.

ಆಮೇಲಿನ ವರ್ಷಗಳಲ್ಲಿ ಒಂದಲ್ಲ ಒಂದು ಕಾರಣಕ್ಕೆ ರೆಫರೆನ್ಸ್ ಕೂಡಿಟ್ಟು ಜೋಡಿಸಿಕೊಡುವ ಝೊಟೆರೊ, ಮೆಂಡೆಲಿ, ಎಂಡ್‌ನೋಟ್, ಬಿಬ್‌ಟೆಕ್ ಈ ಎಲ್ಲ ಸಾಫ್ಟ್‌ವೇರ್‌ಗಳನ್ನೂ ಬಳಸಿದ್ದೇನೆ. ಲ್ಯಾಬಿಗೆ ಹೊಸದಾಗಿ ಸೇರಿದವರು, ಎಂ.ಡಿ. ಮಾಡುತ್ತಿರುವ ನೆಂಟರ ಹುಡುಗರು, ಥೀಸಿಸ್ ಬರೆಯೋಕೆ ಕೂತ ಗೆಳೆಯರು ಕೇಳುವ ಪ್ರಶ್ನೆ ಒಂದೇ: "ಯಾವುದು ಬೆಸ್ಟ್?" ನಾನು ತಿರುಗಿ ಕೇಳೋದೂ ಒಂದೇ ಪ್ರಶ್ನೆ: "ಯಾರ ಜೊತೆ ಬರೀತಿದೀರಿ?"

ಮೊದಲು ಈ ಕೆಲಸ ಎಂಥದ್ದು ಅಂತ ನೋಡೋಣ. ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ 1928ರಲ್ಲಿ ನೇಚರ್‌ನಲ್ಲಿ ಬರೆದ ಪುಟ್ಟ ಪೇಪರ್ ತಗೊಳ್ಳಿ. ವೈದ್ಯಕೀಯ ಜರ್ನಲ್‌ಗಳು ಕೇಳುವ ವ್ಯಾಂಕೂವರ್ ಸ್ಟೈಲ್‌ನಲ್ಲಿ ಅದು ಹೀಗೆ ಬರುತ್ತದೆ:

ರಾಮನ್ ಸಿವಿ, ಕೃಷ್ಣನ್ ಕೆಎಸ್. ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್. ನೇಚರ್. 1928;121:501-2.

ಮನಃಶಾಸ್ತ್ರ, ಶಿಕ್ಷಣದ ಕಡೆಯವರು ಬಳಸುವ ಎಪಿಎ ಸ್ಟೈಲ್‌ನಲ್ಲಿ ಹೀಗೆ:

ರಾಮನ್, ಸಿ. ವಿ., & ಕೃಷ್ಣನ್, ಕೆ. ಎಸ್. (1928). ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್. ನೇಚರ್, 121, 501–502.

ಎಂಜಿನಿಯರಿಂಗ್‌ನವರ ಐಇಇಇ ಸ್ಟೈಲ್‌ಗೆ ಹೋದರೆ ಇನಿಷಿಯಲ್ ಹೆಸರಿನ ಮುಂದಕ್ಕೆ ಬರುತ್ತದೆ, ಶೀರ್ಷಿಕೆಗೆ ಉದ್ಧರಣ ಚಿಹ್ನೆ ಬೀಳುತ್ತದೆ, ತಿಂಗಳೂ ಬೇಕಾಗುತ್ತದೆ. ಮಾಹಿತಿ ಅದೇ, ಚುಕ್ಕಿ ಕಾಮ ಬೇರೆ. ಪಠ್ಯದೊಳಗೂ ಹಾಗೇ. ಎಪಿಎಯಲ್ಲಿ ಹೆಸರು ಮತ್ತು ಇಸವಿ, ಐಇಇಇಯಲ್ಲಿ ಚೌಕ ಬ್ರಾಕೆಟ್ ಒಳಗೆ ನಂಬರ್. 1932ರಿಂದ ನಮ್ಮ ಬೆಂಗಳೂರಿನಿಂದಲೇ ಬರುತ್ತಿರುವ ಕರೆಂಟ್ ಸೈನ್ಸ್‌ನಲ್ಲಿ ಸಾಲಿನ ಮೇಲೆ ಪುಟ್ಟದಾಗಿ ಕೂರುವ ನಂಬರ್.

ಈ ಗೊಂದಲ ಇವತ್ತಿನದಲ್ಲ. ಹೆಸರು-ಇಸವಿ ಪದ್ಧತಿಯ ಮೂಲ ಅಂತ ಸಾಮಾನ್ಯವಾಗಿ ತೋರಿಸೋದು ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಬರೆದ ಪೇಪರನ್ನು. ಅದು ಚಿಪ್ಪಿಲ್ಲದ ಬಸವನಹುಳುವಿನ ಬಗ್ಗೆ! ನಂಬರ್ ಪದ್ಧತಿಯ ವ್ಯಾಂಕೂವರ್ ಸ್ಟೈಲ್ ಹುಟ್ಟಿದ್ದು 1978ರಲ್ಲಿ. ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ, ಒಬ್ಬೊಬ್ಬರೂ ಒಂದೊಂದು ಥರ ಕೇಳೋದು ಸಾಕು ಅಂತ ಕೂತು ಮಾತಾಡಿದ್ದರ ಫಲ ಅದು. ಆದರೂ ಒಂದೊಂದು ಥರ ಕೇಳೋದು ನಿಂತಿಲ್ಲ, ಅಲ್ವಾ?

ಏನೇನು ನೋಡಿ ಆರಿಸಬೇಕು

ನನ್ನ ಲೆಕ್ಕದಲ್ಲಿ ಮೊದಲು ನೋಡಬೇಕಾದ್ದು ಜೊತೆಗಾರರು. ಗೈಡ್ ವರ್ಡ್‌ನಲ್ಲಿ ತಿದ್ದುತ್ತಾರಾ, ಗೂಗಲ್ ಡಾಕ್ಸ್‌ನಲ್ಲಾ, ಇಲ್ಲಾ ಪ್ರಿಂಟ್ ತೆಗೆದು ಕೆಂಪು ಪೆನ್ನಲ್ಲಾ? ಸಹ-ಲೇಖಕರ ಕಂಪ್ಯೂಟರ್‌ನಲ್ಲಿ ಏನಿದೆ? ಒಂದೇ ಫೈಲ್ ಒಳಗೆ ಒಬ್ಬರು ಝೊಟೆರೊ ಸೈಟೇಷನ್ (ಪಠ್ಯದ ನಡುವೆ ರೆಫರೆನ್ಸ್ ತೋರಿಸುವ ಗುರುತು), ಇನ್ನೊಬ್ಬರು ಎಂಡ್‌ನೋಟ್ ಸೈಟೇಷನ್ ಹಾಕಿದರೆ ಎರಡಕ್ಕೂ ಒಂದರ ಮಾತು ಇನ್ನೊಂದಕ್ಕೆ ತಿಳಿಯೋದಿಲ್ಲ. ಕೊನೆಯಲ್ಲಿ ಎರಡು ರೆಫರೆನ್ಸ್ ಪಟ್ಟಿ ಹುಟ್ಟಿಕೊಳ್ಳುತ್ತವೆ.

ಎರಡನೆಯದು, ಈ ಪೇಪರ್ ಎಷ್ಟು ಜರ್ನಲ್ ಮೆಟ್ಟಿಲು ಹತ್ತಬಹುದು ಅನ್ನೋದು. ಒಂದು ಕಡೆ ತಿರಸ್ಕಾರ ಆಗಿ ಇನ್ನೊಂದಕ್ಕೆ ಕಳಿಸೋದು ಮಾಮೂಲಿ. ಪ್ರತಿ ಸಲ ಸ್ಟೈಲ್ ಬದಲು. ಮೂರನೆಯದು, ಇದು ಒಂದೇ ಪೇಪರ್‌ನ ಮಾತಾ, ಇಲ್ಲಾ ಐದು ವರ್ಷದ ಪಿಎಚ್‌.ಡಿ.ಯಾ. ನಾಲ್ಕನೆಯದು ದುಡ್ಡು, ಮತ್ತು ದುಡ್ಡಿಗೆ ಅಂಟಿಕೊಂಡೇ ಬರುವ ಇನ್ನೊಂದು ಪ್ರಶ್ನೆ: ವಿಶ್ವವಿದ್ಯಾಲಯದ ಲೈಸೆನ್ಸ್ ಆದರೆ ನೀವು ಅಲ್ಲಿಂದ ಹೊರಗೆ ಬಂದ ದಿನ ಏನಾಗುತ್ತದೆ? ಇದಕ್ಕೆ ಸೇರಿದ್ದೇ ಕೊನೆಯದು, ನಾಳೆ ಬೇಡ ಅನ್ನಿಸಿದರೆ ನಿಮ್ಮ ಪಟ್ಟಿ ಎತ್ತಿಕೊಂಡು ಬೇರೆ ಕಡೆ ಹೋಗೋಕೆ ಬರುತ್ತದಾ. ಆರ್‌ಐಎಸ್ ಅಥವಾ ಬಿಬ್‌ಟೆಕ್ ರೂಪದಲ್ಲಿ (ಬೇರೆ ಸಾಫ್ಟ್‌ವೇರ್‌ಗಳೂ ಓದಬಲ್ಲ ಫೈಲ್ ರೂಪಗಳಿವು) ಎಕ್ಸ್‌ಪೋರ್ಟ್ ಕೊಡದ ಯಾವುದನ್ನೂ ಮುಟ್ಟಬೇಡಿ. ಇಲ್ಲಿ ಹೇಳುವ ಸಾಫ್ಟ್‌ವೇರ್‌ಗಳೆಲ್ಲ ಅದನ್ನು ಕೊಡುತ್ತವೆ.

ಸ್ಟೈಲ್ ಎಷ್ಟಿವೆ ಅನ್ನೋದನ್ನು ನಾನು ಲೆಕ್ಕಕ್ಕೇ ತಗೊಂಡಿಲ್ಲ. ಝೊಟೆರೊ, ಮೆಂಡೆಲಿ ಎರಡೂ ಬಳಸೋದು ಸಿಎಸ್‌ಎಲ್ ಅನ್ನುವ ಒಂದೇ ಮುಕ್ತ ಸ್ಟೈಲ್ ಭಂಡಾರವನ್ನು. ಅದರಲ್ಲಿ 10,000ಕ್ಕಿಂತ ಜಾಸ್ತಿ ಸ್ಟೈಲ್ ಇವೆ. ಎಂಡ್‌ನೋಟ್‌ಗೂ ಸಾವಿರಗಟ್ಟಲೆ ಇವೆ. ನಿಮಗೆ ಬೇಕಾದ್ದು ಒಂದು.

ಕೈಯಲ್ಲೇ ಮಾಡೋದು

ನಗಬೇಡಿ, ಇದಕ್ಕೂ ಜಾಗ ಇದೆ. ಹತ್ತು-ಹನ್ನೆರಡು ರೆಫರೆನ್ಸ್ ಇರುವ ಒಂದು ಕೇಸ್ ರಿಪೋರ್ಟ್ ಬರೆಯುತ್ತಿದ್ದೀರಿ, ಮತ್ತೆ ಯಾವತ್ತೂ ಬರೆಯುವ ಯೋಚನೆ ಇಲ್ಲ ಅಂದರೆ ಹೊಸ ಸಾಫ್ಟ್‌ವೇರ್ ಕಲಿಯುವ ಸಂಜೆಯನ್ನು ಉಳಿಸಿಕೊಳ್ಳಿ. ಹೆಸರು-ಇಸವಿ ಸ್ಟೈಲ್ ಆದರೆ ಇನ್ನೂ ಸಲೀಸು, ನಡುವೆ ಒಂದು ಸೇರಿಸಿದರೂ ನಂಬರ್ ಜರುಗುವ ರಗಳೆ ಇಲ್ಲ. ನಂಬರ್ ಸ್ಟೈಲ್ ಆದರೆ ಒಂದು ಉಪಾಯ: ಬರೆಯುವಾಗ ನಂಬರ್ ಹಾಕಲೇಬೇಡಿ, ಬ್ರಾಕೆಟ್‌ನಲ್ಲಿ ಹೆಸರು-ಇಸವಿ ಬರೆದುಕೊಂಡು ಹೋಗಿ. ಕಳಿಸುವ ಹಿಂದಿನ ದಿನ ಒಂದೇ ಸಲ ನಂಬರ್ ಕೊಡಿ. ನಾನು ಇದನ್ನು ಮೊದಲೇ ಮಾಡಿದ್ದರೆ ನಮ್ಮ ಶಿಲೀಂಧ್ರ 24 ಡಿಗ್ರಿಯಲ್ಲೇ ಇರುತ್ತಿತ್ತು.

ಗೂಗಲ್ ಸ್ಕಾಲರ್‌ನ 'ಸೈಟ್' ಗುಂಡಿ ಒತ್ತಿ ಕಾಪಿ ಮಾಡೋದು ಎಲ್ಲರಿಗೂ ಗೊತ್ತು. ಒತ್ತಿ, ಆದರೆ ನಂಬಬೇಡಿ. ಪುಟ ಸಂಖ್ಯೆ ಇರೋದಿಲ್ಲ, ಕಾನ್ಫರೆನ್ಸ್ ಪೇಪರ್ ಜರ್ನಲ್ ಆಗಿರುತ್ತದೆ, ಲೇಖಕರ ಹೆಸರು ಉಲ್ಟಾ ಆಗಿರುತ್ತದೆ. ಇನ್ನು ಎಐ ಚಾಟ್‌ಬಾಟ್‌ಗೆ "ಇದಕ್ಕೆ ಐದು ರೆಫರೆನ್ಸ್ ಕೊಡು" ಅಂತ ಕೇಳುವವರಿದ್ದಾರೆ. ಇಲ್ಲದ ಪೇಪರನ್ನು ಇರುವ ಲೇಖಕರ ಹೆಸರಲ್ಲಿ, ಇರುವ ಜರ್ನಲ್‌ನ ಹೆಸರಲ್ಲಿ ಅಂದವಾಗಿ ಬರೆದುಕೊಡುತ್ತದೆ ಅದು. ಡಿಒಐ (ಪೇಪರ್‌ಗೆ ಕೊಡುವ ಖಾಯಂ ಗುರುತಿನ ಸಂಖ್ಯೆ, ಲಿಂಕ್ ಕೂಡ ಅದೇ) ಒತ್ತಿ ಪೇಪರ್ ತೆರೆದು ನೋಡದೆ ಒಂದೂ ಒಳಗೆ ಬಿಟ್ಟುಕೊಳ್ಳಬೇಡಿ.

ವರ್ಡ್‌ನಲ್ಲೇ 'ರೆಫರೆನ್ಸಸ್' ಅನ್ನುವ ಟ್ಯಾಬ್ ಒಂದಿದೆ. ಕಾಲೇಜು ಪ್ರಾಜೆಕ್ಟ್‌ಗೆ ಸಾಕು. ಜರ್ನಲ್‌ಗೆ ಅದರಲ್ಲಿರುವ ಬೆರಳೆಣಿಕೆಯ ಸ್ಟೈಲ್ ಸಾಲೋದಿಲ್ಲ. ಅದನ್ನು ಅಲ್ಲಿಗೇ ಬಿಡೋಣ.

ಝೊಟೆರೊ

ಯಾರೂ ಜೊತೆಗಿಲ್ಲ, ಕೈಯಲ್ಲಿ ದುಡ್ಡಿಲ್ಲ, ಮುಂದೆ ಏನು ಮಾಡ್ತೀನಿ ಅಂತಲೂ ಗೊತ್ತಿಲ್ಲ ಅನ್ನುವವರಿಗೆ ನಾನು ಹೇಳೋದು ಇದನ್ನೇ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ, ಅದೂ ಇತಿಹಾಸದ ಮೇಷ್ಟ್ರುಗಳ ಕೇಂದ್ರದಲ್ಲಿ, 2006ರಲ್ಲಿ ಶುರುವಾದದ್ದು. ಮುಕ್ತ ತಂತ್ರಾಂಶ, ಪುಕ್ಕಟೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ವರ್ಡ್, ಲಿಬ್ರೆಆಫೀಸ್, ಗೂಗಲ್ ಡಾಕ್ಸ್ ಮೂರಕ್ಕೂ ಹೊಂದುತ್ತದೆ. ಜೊತೆಗಾರರ ಪ್ರಶ್ನೆಗೆ ಇಷ್ಟು ಅಗಲವಾದ ಉತ್ತರ ಬೇರೆ ಯಾವುದರಲ್ಲೂ ಇಲ್ಲ.

ಕೆಲಸ ಹೇಗೆ ಅಂದರೆ, ಬ್ರೌಸರ್‌ನಲ್ಲಿ ಪೇಪರ್ ತೆರೆದಾಗ ಮೂಲೆಯಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿದರೆ ಪೇಪರ್‌ನ ವಿವರ, ಪಿಡಿಎಫ್ ಸಿಕ್ಕರೆ ಅದೂ, ಒಳಗೆ ಬಂದು ಬೀಳುತ್ತವೆ. ಡಿಒಐ ಇದ್ದರೆ ಮಂತ್ರದಂಡದ ಚಿತ್ರ ಒತ್ತಿ ಅಂಟಿಸಿದರಾಯಿತು. ಬರೆಯುವಾಗ ವರ್ಡ್‌ನಲ್ಲಿ ಒಂದು ಗುಂಡಿ, ಲೇಖಕರ ಹೆಸರಿನ ನಾಲ್ಕು ಅಕ್ಷರ, ಎಂಟರ್. ಸ್ಟೈಲ್ ಬದಲಿಸೋದು ಎರಡು ಕ್ಲಿಕ್. ನಾನು ಕೈಯಲ್ಲಿ ಮೂರು ರಾತ್ರಿ ಮಾಡಿದ್ದನ್ನು ಇದು ಮಾಡುವಷ್ಟರಲ್ಲಿ ಕಾಫಿ ಲೋಟ ಕೆಳಗಿಡೋಕೂ ಆಗೋದಿಲ್ಲ. ಜರ್ನಲ್ ಹಿಂತೆಗೆದುಕೊಂಡ ಪೇಪರ್ ನಿಮ್ಮ ಪಟ್ಟಿಯಲ್ಲಿದ್ದರೆ ಕೆಂಪು ಪಟ್ಟೆ ತೋರಿಸಿ ಎಚ್ಚರಿಸುತ್ತದೆ. ಇದೊಂದಕ್ಕೇ ಅದನ್ನು ಇಟ್ಟುಕೊಳ್ಳಬಹುದು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಕೊರತೆ ಎಲ್ಲಿ? ಆನ್‌ಲೈನ್ ಜಾಗ ಪುಕ್ಕಟೆ ಸಿಗೋದು 300 ಎಂಬಿ ಮಾತ್ರ. ಪಿಡಿಎಫ್‌ಗಳನ್ನೂ ಸಿಂಕ್ ಮಾಡೋಕೆ ಹೋದರೆ ನೂರು-ನೂರೈವತ್ತು ಪೇಪರ್‌ಗೆ ತುಂಬಿಹೋಗುತ್ತದೆ. 2 ಜಿಬಿ ಬೇಕೆಂದರೆ ವರ್ಷಕ್ಕೆ 20 ಡಾಲರ್, ನಮ್ಮ ದುಡ್ಡಲ್ಲಿ ಎರಡು ಸಾವಿರದ ಹತ್ತಿರ. ಆದರೆ ರೆಫರೆನ್ಸ್ ವಿವರಗಳಿಗೆ ಈ ಮಿತಿ ಇಲ್ಲ, ಪಿಡಿಎಫ್‌ಗೆ ಮಾತ್ರ. ಪಿಡಿಎಫ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರಲಿ, ವಿವರ ಮಾತ್ರ ಸಿಂಕ್ ಆಗಲಿ ಅಂತ ಇಟ್ಟರೆ ಒಂದು ಪೈಸೆ ಬೇಡ. ನಾನು ಹಾಗೇ ಇಟ್ಟಿದ್ದೇನೆ. ವಾರಕ್ಕೊಮ್ಮೆ ಹಾರ್ಡ್ ಡಿಸ್ಕ್‌ಗೆ ಬ್ಯಾಕಪ್.

ಇನ್ನೊಂದು ತೊಡಕು ನಮ್ಮ ಕಡೆಯ ಸಣ್ಣ ಜರ್ನಲ್‌ಗಳದ್ದು. ಅಂತರರಾಷ್ಟ್ರೀಯ ಜರ್ನಲ್‌ಗಳ ಸ್ಟೈಲ್ ಹೆಸರು ಹೊಡೆದರೆ ಸಿಗುತ್ತದೆ. ಒಂದು ವಿಶ್ವವಿದ್ಯಾಲಯದೊಳಗಿನ ಜರ್ನಲ್‌ನದ್ದು ಸಿಗದೆ ಇರಬಹುದು. ಲೇಖಕರ ಹೆಸರು ದಪ್ಪಕ್ಷರದಲ್ಲಿ ಬೇಕು, ಇಸವಿ ಆದ ಮೇಲೆ ಕಾಮ ಬೇಕು ಅಂತ ಅವರದ್ದೇ ಹಠ ಇರುತ್ತದೆ. ಆಗ ಹತ್ತಿರದ ಸ್ಟೈಲ್ ಒಂದನ್ನು ಆರಿಸಿ, ಕೊನೆಯಲ್ಲಿ ಕೈಯಿಂದ ತಿದ್ದೋದು ವಾಸಿ. ಸ್ಟೈಲ್ ಫೈಲನ್ನೇ ತಿದ್ದೋಕೂ ಬರುತ್ತದೆ, ಆದರೆ ಒಂದು ಪೇಪರ್‌ಗೋಸ್ಕರ ಅಷ್ಟು ದೂರ ಹೋಗೋದು ಬೇಡ.

ನಡುವೆ ನಮ್ಮ ಹೆಸರುಗಳ ಕಥೆ

ಇಲ್ಲೊಂದು ವಿಷಯ ಬಿಚ್ಚಿ ಹೇಳಲೇಬೇಕು, ಯಾಕೆಂದರೆ ಯಾವ ಸಾಫ್ಟ್‌ವೇರ್ ತಗೊಂಡರೂ ಇದು ಬೆನ್ನು ಬಿಡೋದಿಲ್ಲ. ಇವೆಲ್ಲ ಹುಟ್ಟಿದ್ದು ಹೆಸರಿನ ಕೊನೆಗೆ ಮನೆತನದ ಹೆಸರು ಇರುವ ದೇಶಗಳಲ್ಲಿ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಸ್ವಂತ ಹೆಸರು. ಹಳಬರು ಇನಿಷಿಯಲ್ ಮುಂದೆ ಬರೆಯುತ್ತಿದ್ದರು, ಸಿ. ವಿ. ರಾಮನ್ ಥರ. ಅದು ಹೇಗೋ ಸರಿಹೋಗುತ್ತಿತ್ತು, ಕೊನೆಯ ಪದ ಸ್ವಂತ ಹೆಸರೇ ಆಗಿರುತ್ತಿತ್ತು.

ಈಗ ಆಧಾರ್, ಅಂಕಪಟ್ಟಿಗಳಲ್ಲಿ ಇನಿಷಿಯಲ್ ಹಿಂದಕ್ಕೆ ಬಂದಿದೆ. ಮಂಜುನಾಥ ಎಚ್. ಕೆ. ಅಂತ ಒಬ್ಬರಿದ್ದಾರೆ ಅಂದುಕೊಳ್ಳಿ. ಪೇಪರ್‌ನ ಮೇಲೆ 'ಮಂಜುನಾಥ ಎಚ್ ಕೆ' ಅಂತ ಇರುತ್ತದೆ. ಸಾಫ್ಟ್‌ವೇರ್ ಕೊನೆಯ ಪದವನ್ನು ಮನೆತನದ ಹೆಸರು ಅಂದುಕೊಳ್ಳುತ್ತದೆ. ಫಲ ಏನು? ರೆಫರೆನ್ಸ್ ಪಟ್ಟಿಯಲ್ಲಿ 'ಕೆ ಎಂಎಚ್'. ಪಠ್ಯದೊಳಗೆ 'ಕೆ ಮತ್ತು ಇತರರು, 2019'. ಪಾಪ, ಆ ಮನುಷ್ಯ ಅಷ್ಟು ವರ್ಷ ಗದ್ದೆಯಲ್ಲಿ ನಿಂತು ಮಾಡಿದ ಕೆಲಸ ಒಂದಕ್ಷರದ ಪಾಲಾಯಿತು. ಅಕಾರಾದಿ ಪಟ್ಟಿಯಲ್ಲೂ ಅವರು 'ಎಂ'ನಲ್ಲಿ ಇರೋದಿಲ್ಲ, 'ಕೆ'ನಲ್ಲಿ ಹುಡುಕಬೇಕು.

ಅದಕ್ಕೇ ಹೊಸ ಪೇಪರ್ ಒಳಗೆ ಬಂದ ಕೂಡಲೇ ಲೇಖಕರ ಸಾಲು ನೋಡಿ. ಮನೆತನದ ಹೆಸರಿನ ಜಾಗದಲ್ಲಿ 'ಮಂಜುನಾಥ', ಇನ್ನೊಂದರಲ್ಲಿ 'ಎಚ್. ಕೆ.' ಅಂತ ತಿದ್ದಿ. ಸಂಸ್ಥೆಯ ಹೆಸರಾದರೆ ಇನ್ನೊಂದು ಎಡವಟ್ಟು: ವಿಶ್ವ ಆರೋಗ್ಯ ಸಂಸ್ಥೆಯ ಇಂಗ್ಲಿಷ್ ಹೆಸರು ಹಾಕಿದರೆ 'ಆರ್ಗನೈಸೇಷನ್ ಡಬ್ಲ್ಯುಎಚ್' ಆಗಿಬಿಡುತ್ತದೆ. ಝೊಟೆರೊದಲ್ಲಿ ಹೆಸರಿನ ಪಕ್ಕದ ಗುಂಡಿ ಒತ್ತಿ ಎರಡು ಖಾನೆಯನ್ನು ಒಂದು ಖಾನೆ ಮಾಡಬೇಕು. ಎಂಡ್‌ನೋಟ್‌ನಲ್ಲಿ ಹೆಸರಿನ ಕೊನೆಗೆ ಒಂದು ಕಾಮ ಹಾಕಬೇಕು. ಬಿಬ್‌ಟೆಕ್‌ನಲ್ಲಿ ಇನ್ನೊಂದು ಜೊತೆ ಪುಷ್ಪಾವರಣ.

ಇದರ ಜೊತೆಗೇ ಜೀವಶಾಸ್ತ್ರದವರಿಗೆ ಇಟಾಲಿಕ್ಸ್ ಕಾಟ. ಶೀರ್ಷಿಕೆಯೊಳಗೆ ರಾಗಿಯ ವೈಜ್ಞಾನಿಕ ಹೆಸರು ಎಲ್ಯೂಸಿನ್ ಕೊರಕಾನ ಇದ್ದರೆ ಅದು ಓರೆಯಾಗಿಯೇ ಇರಬೇಕು. ಬಹಳಷ್ಟು ಸಲ ಆಮದಾಗುವಾಗ ನೆಟ್ಟಗಾಗಿ ಬಂದಿರುತ್ತದೆ. ಮೂಲದಲ್ಲೇ, ಅಂದರೆ ಸಾಫ್ಟ್‌ವೇರ್‌ನ ಶೀರ್ಷಿಕೆ ಖಾನೆಯಲ್ಲೇ ತಿದ್ದಿ. ವರ್ಡ್‌ನಲ್ಲಿ ತಿದ್ದಿದರೆ ಮುಂದಿನ ಸಲ ರಿಫ್ರೆಶ್ ಆದಾಗ ನಿಮ್ಮ ತಿದ್ದುಪಡಿ ಮಾಯ. ಹೊಸಬರು ಅತಿ ಹೆಚ್ಚು ತಲೆ ಚಚ್ಚಿಕೊಳ್ಳೋದು ಇದಕ್ಕೇ.

ಕನ್ನಡದ ಪುಸ್ತಕ ಅಥವಾ ಲೇಖನವನ್ನು ಉಲ್ಲೇಖಿಸುವವರಿಗೆ ಒಂದು ಮಾತು. ಹಳೆಯ ನುಡಿ, ಬರಹ ಫೈಲ್‌ಗಳಿಂದ ಕಾಪಿ ಮಾಡಿದರೆ ಕನ್ನಡ ಬರೋದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಮೊದಲು ಯುನಿಕೋಡ್‌ಗೆ ಬದಲಿಸಿ. ಇಂಗ್ಲಿಷ್ ಜರ್ನಲ್ ಆದರೆ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಚೌಕ ಬ್ರಾಕೆಟ್‌ನಲ್ಲಿ ಅನುವಾದ ಕೊಡೋದು ಎಪಿಎ ರೀತಿ.

ಮೆಂಡೆಲಿ

ಹತ್ತು-ಹನ್ನೆರಡು ವರ್ಷದ ಹಿಂದೆ ಯಾವ ಲ್ಯಾಬಿಗೆ ಹೋದರೂ ಇದೇ. ಲಂಡನ್‌ನಲ್ಲಿ ಕೆಲವರು ಪಿಎಚ್‌.ಡಿ. ವಿದ್ಯಾರ್ಥಿಗಳು ಸೇರಿ ಕಟ್ಟಿದ್ದು, 2013ರಲ್ಲಿ ಜರ್ನಲ್ ಪ್ರಕಟಿಸುವ ಕಂಪನಿ ಎಲ್ಸೆವಿಯರ್ ಕೊಂಡುಕೊಂಡಿತು. ಈಗಲೂ ಪುಕ್ಕಟೆ, ಆನ್‌ಲೈನ್ ಜಾಗ 2 ಜಿಬಿ, ಅಂದರೆ ಝೊಟೆರೊಗಿಂತ ಆರು ಪಟ್ಟಿಗಿಂತ ಜಾಸ್ತಿ. ಪಿಡಿಎಫ್‌ಗಳನ್ನು ಮನೆಯ ಕಂಪ್ಯೂಟರ್, ಲ್ಯಾಬ್ ಕಂಪ್ಯೂಟರ್ ಎರಡರಲ್ಲೂ ಓದಿ ಗುರುತು ಹಾಕುವವರಿಗೆ ಇದು ಸಣ್ಣ ಲಾಭವಲ್ಲ. ನೋಡೋಕೂ ಅಚ್ಚುಕಟ್ಟು, ಮೊದಲ ದಿನವೇ ಕೈಗೆ ಹತ್ತುತ್ತದೆ.

ಆದರೆ ಇದನ್ನು ಇವತ್ತು ಹೊಸದಾಗಿ ಶುರುಮಾಡಿ ಅಂತ ನಾನು ಹೇಳೋದಿಲ್ಲ. ಮೊಬೈಲ್ ಆ್ಯಪ್ 2021ರಲ್ಲಿ ನಿಂತಿತು. ಎಲ್ಲರೂ ಇಷ್ಟಪಡುತ್ತಿದ್ದ ಹಳೆಯ ಡೆಸ್ಕ್‌ಟಾಪ್ ಆವೃತ್ತಿಯನ್ನು 2022ರ ಸೆಪ್ಟೆಂಬರ್‌ನಿಂದ ಡೌನ್‌ಲೋಡ್‌ಗೆ ಕೊಡುತ್ತಿಲ್ಲ. ಅದರ ಜಾಗಕ್ಕೆ ಬಂದ ಹೊಸದರ ವರ್ಡ್ ಪ್ಲಗಿನ್ ವರ್ಡ್ 2016 ಮತ್ತು ಅದರ ನಂತರದವಕ್ಕೆ ಮಾತ್ರ. ಲಿಬ್ರೆಆಫೀಸ್‌ಗೆ ಇಲ್ಲ. ಕಚೇರಿಯ ಹಳೇ ಕಂಪ್ಯೂಟರ್‌ನಲ್ಲಿ ಹಳೇ ವರ್ಡ್ ಇಟ್ಟುಕೊಂಡ ಗೈಡ್ ಇದ್ದರೆ ಅಲ್ಲಿಗೆ ಮುಗಿಯಿತು. ನಿಮ್ಮ ಇಡೀ ಲ್ಯಾಬ್ ಮೆಂಡೆಲಿಯಲ್ಲಿದ್ದು, ಎಲ್ಲರ ಹತ್ತಿರ ಹೊಸ ವರ್ಡ್ ಇದ್ದರೆ, ನೆಮ್ಮದಿಯಾಗಿ ಅಲ್ಲೇ ಇರಿ. ಒಬ್ಬರೇ ಎದ್ದು ಹೊರಗೆ ಬಂದು ಮಾಡೋದೇನೂ ಇಲ್ಲ.

ಎಂಡ್‌ನೋಟ್

ಇದು ದುಡ್ಡಿನವರ ಆಯ್ಕೆ ಅಂತ ತಳ್ಳಿಹಾಕಬೇಡಿ. 1980ರ ದಶಕದ ಕೊನೆಯಿಂದ ಇದೆ, ಈಗ ಕ್ಲಾರಿವೇಟ್ ಕಂಪನಿಯ ಕೈಯಲ್ಲಿದೆ. ಸ್ವಂತಕ್ಕೆ ಕೊಂಡರೆ ನೂರಾರು ಡಾಲರ್, ವಿದ್ಯಾರ್ಥಿ ರಿಯಾಯಿತಿ ಇದ್ದರೂ ರೂಪಾಯಿಯಲ್ಲಿ ಐದಂಕಿ. ಸ್ಟೈಪೆಂಡ್ ಬಾರದೆ ಎರಡು ತಿಂಗಳಾದ ಪಿಎಚ್‌.ಡಿ. ವಿದ್ಯಾರ್ಥಿಗೆ ಈ ಮಾತು ಹೇಳೋದೇ ತಪ್ಪು. ಆದರೆ ಎಷ್ಟೋ ಸಂಸ್ಥೆಗಳು ಲೈಸೆನ್ಸ್ ಕೊಂಡಿರುತ್ತವೆ, ವಿದ್ಯಾರ್ಥಿಗಳಿಗೆ ಗೊತ್ತೇ ಇರೋದಿಲ್ಲ. ಲೈಬ್ರರಿಯಲ್ಲಿ ಒಂದು ಮಾತು ಕೇಳಿ.

ಇದರ ಬಲ ಗಾತ್ರದಲ್ಲಿದೆ. ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಮೇಲೆ ಬಂದ ಪೇಪರ್‌ಗಳನ್ನೆಲ್ಲ ಕ್ರಮವಾಗಿ ಹುಡುಕಿ ತೂಗುವ ಕೆಲಸ) ಮಾಡುವವರು ಮೂರ್ನಾಲ್ಕು ಡೇಟಾಬೇಸ್‌ನಿಂದ ಸಾವಿರಾರು ಪೇಪರ್ ತಂದು ಸುರಿದು, ಎರಡೆರಡು ಸಲ ಬಂದದ್ದನ್ನು ತೆಗೆಯಬೇಕು. ಆ ಕೆಲಸಕ್ಕೆ ಇದು ಗಟ್ಟಿ. ಜರ್ನಲ್ ಹೆಸರಿನ ಪೂರ್ಣ ರೂಪ, ಮೊಟಕು ರೂಪ ಎರಡನ್ನೂ ಒಂದು ಪಟ್ಟಿಯಲ್ಲಿಟ್ಟುಕೊಂಡು, ಯಾವ ಜರ್ನಲ್‌ಗೆ ಯಾವುದು ಬೇಕೋ ಅದನ್ನು ಹಾಕುತ್ತದೆ. ವೈದ್ಯಕೀಯ ಕ್ಷೇತ್ರದ ಹಿರಿಯ ಗೈಡ್‌ಗಳು ಇದನ್ನೇ ಹಿಡಿದು ಕೂತಿರುತ್ತಾರೆ. ಅವರು ಸಹ-ಲೇಖಕರಾದರೆ ವಾದ ಮಾಡದೆ ಇದಕ್ಕೇ ಬನ್ನಿ.

ಅಪಾಯ ಎರಡು. ಒಂದು, ಕೋರ್ಸ್ ಮುಗಿದು ಸಂಸ್ಥೆ ಬಿಟ್ಟ ಮೇಲೆ ಲೈಸೆನ್ಸ್ ನಿಮ್ಮದಲ್ಲ. ಬಿಡುವ ಮೊದಲು ಆರ್‌ಐಎಸ್ ಫೈಲ್ ತೆಗೆದು ಮನೆಗೆ ತನ್ನಿ. ಎರಡು, ಇದರ ಲೈಬ್ರರಿ ಅಂದರೆ ಒಂದು ಫೈಲ್ ಮತ್ತು ಅದೇ ಹೆಸರಿನ ಒಂದು ಫೋಲ್ಡರ್, ಎರಡೂ ಜೋಡಿ. ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದು "ಪಿಡಿಎಫ್ ಎಲ್ಲಾ ಹೋಯ್ತು" ಅಂತ ಅತ್ತವರನ್ನು ಕಂಡಿದ್ದೇನೆ. ಈ ಲೈಬ್ರರಿಯನ್ನು ಡ್ರಾಪ್‌ಬಾಕ್ಸ್‌ನಂಥ ಸಿಂಕ್ ಆಗುವ ಫೋಲ್ಡರ್ ಒಳಗೆ ಇಟ್ಟು ಕೆಲಸ ಮಾಡಲೂಬಾರದು, ಕೆಟ್ಟುಹೋಗುತ್ತದೆ.

ಬಿಬ್‌ಟೆಕ್

ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ಸೈನ್ಸ್‌ನವರು ಇಷ್ಟು ಹೊತ್ತು ನಗುತ್ತಾ ಕೂತಿರುತ್ತೀರಿ. ನೀವು ಲೇಟೆಕ್‌ನಲ್ಲಿ (ಕೋಡ್‌ನಂಥ ಸೂಚನೆ ಬರೆದು ಪುಟ ಜೋಡಿಸುವ ತಂತ್ರಾಂಶ) ಬರೆಯುವವರಾದರೆ ಪ್ರಶ್ನೆಯೇ ಇಲ್ಲ. 1985ರಲ್ಲಿ ಓರೆನ್ ಪಟಾಶ್ನಿಕ್, ಲೆಸ್ಲಿ ಲ್ಯಾಂಪೋರ್ಟ್ ಜೊತೆ ಸೇರಿ ಮಾಡಿದ ಈ ವ್ಯವಸ್ಥೆ ಇವತ್ತಿಗೂ ನಡೆಯುತ್ತಿದೆ. ನಿಮ್ಮ ರೆಫರೆನ್ಸ್‌ಗಳೆಲ್ಲ ಒಂದು ಸಾದಾ ಪಠ್ಯದ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದು, ಇಪ್ಪತ್ತು ವರ್ಷ ಬಿಟ್ಟು ತೆರೆದರೂ ಓದಬಹುದು. ಜರ್ನಲ್‌ನವರು ಸ್ಟೈಲ್ ಫೈಲ್ ಅವರೇ ಕೊಡುತ್ತಾರೆ. ದುಡ್ಡು ಸೊನ್ನೆ.

ಆದರೆ ಇದಕ್ಕೆ ಅದರದ್ದೇ ಚೇಷ್ಟೆಗಳಿವೆ. ಶೀರ್ಷಿಕೆಯಲ್ಲಿ ಡಿಎನ್‌ಎ ಅಂತ ದೊಡ್ಡಕ್ಷರದಲ್ಲಿ ಬರೆದಿದ್ದರೂ ಹಲವು ಸ್ಟೈಲ್‌ಗಳು ಅದನ್ನು ಸಣ್ಣಕ್ಷರ ಮಾಡಿಬಿಡುತ್ತವೆ. ರಾಮನ್ ಹೆಸರಿನ ಮೊದಲ ಅಕ್ಷರ ಶೀರ್ಷಿಕೆಯಲ್ಲಿ ಬಂದರೆ ಅದಕ್ಕೂ ಅದೇ ಗತಿ. ಉಳಿಸಿಕೊಳ್ಳಬೇಕಾದ ಪದಕ್ಕೆ ಪುಷ್ಪಾವರಣ ಹಾಕಬೇಕು. ಲೇಖಕರ ನಡುವೆ ಕಾಮ ಹಾಕಿದಿರೋ, ಐದು ಜನ ಸೇರಿ ಒಬ್ಬರಾಗುತ್ತಾರೆ. ಅಲ್ಲಿ 'ಅಂಡ್' ಅಂತಲೇ ಬರೆಯಬೇಕು. ಕನ್ನಡ ಲಿಪಿಯ ರೆಫರೆನ್ಸ್ ಬೇಕಾದವರು ಹಳೆಯ ಬಿಬ್‌ಟೆಕ್ ಬಿಟ್ಟು ಬಿಬ್‌ಲೇಟೆಕ್ ಮತ್ತು ಬೈಬರ್ ಜೋಡಿಗೆ ಬನ್ನಿ, ಯುನಿಕೋಡ್ ಅದಕ್ಕೆ ಸರಾಗ.

ವರ್ಡ್‌ನಲ್ಲಿ ಬರೆಯುವವರು ಬರೀ ರೆಫರೆನ್ಸ್‌ಗೋಸ್ಕರ ಲೇಟೆಕ್ ಕಲಿಯೋಕೆ ಹೋಗಬೇಡಿ. ಗೈಡ್ ವರ್ಡ್‌ನವರು, ವಿದ್ಯಾರ್ಥಿ ಲೇಟೆಕ್‌ನವನು ಆದಾಗ ಆಗುವ ಜಗಳ ನೋಡಿದ್ದೇನೆ. ತಿದ್ದುಪಡಿಯೆಲ್ಲ ಪಿಡಿಎಫ್ ಮೇಲೆ ಬರುತ್ತದೆ, ಹುಡುಗ ಒಂದೊಂದೇ ಹುಡುಕಿ ಸೇರಿಸುತ್ತಾ ಕೂರುತ್ತಾನೆ. ಎರಡೂ ಕಡೆ ಓಡಾಡುವವರಿಗೆ ನಡುವಿನ ದಾರಿ ಒಂದಿದೆ: ಸಂಗ್ರಹವೆಲ್ಲ ಝೊಟೆರೊದಲ್ಲಿ, ಅದಕ್ಕೆ 'ಬೆಟರ್ ಬಿಬ್‌ಟೆಕ್' ಅನ್ನುವ ಪುಕ್ಕಟೆ ಪ್ಲಗಿನ್. ನೀವು ಝೊಟೆರೊದಲ್ಲಿ ಒಂದು ಅಕ್ಷರ ತಿದ್ದಿದರೂ ಬಿಬ್‌ಟೆಕ್ ಫೈಲ್ ತಾನೇ ಬದಲಾಗುತ್ತದೆ. ವರ್ಡ್ ಪೇಪರ್‌ಗೂ ಅದೇ ಸಂಗ್ರಹ, ಲೇಟೆಕ್ ಪೇಪರ್‌ಗೂ ಅದೇ.

ಹಾಗಾದರೆ ನೀವು?

ಪಿಎಚ್‌.ಡಿ. ಈಗಷ್ಟೇ ಶುರು, ಗೈಡ್‌ಗೆ ಯಾವುದಾದರೂ ಸರಿ ಅಂದರೆ ಝೊಟೆರೊ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಎಂ.ಡಿ. ಅಥವಾ ಎಂ.ಎಸ್. ಪ್ರಬಂಧ, ಎಪ್ಪತ್ತು-ಎಂಬತ್ತು ರೆಫರೆನ್ಸ್, ವ್ಯಾಂಕೂವರ್ ಸ್ಟೈಲ್ ಅಂದರೂ ಅದೇ, ಆದರೆ ಡಿಪಾರ್ಟ್‌ಮೆಂಟ್‌ನಲ್ಲಿ ಎಂಡ್‌ನೋಟ್ ಇದ್ದು ಸೀನಿಯರ್ ಒಬ್ಬರು ಪಕ್ಕದಲ್ಲಿ ಕೂತು ಹೇಳಿಕೊಡ್ತಾರೆ ಅಂದರೆ ಎಂಡ್‌ನೋಟ್. ಪಕ್ಕದಲ್ಲಿ ಕೂತು ಹೇಳಿಕೊಡುವ ಮನುಷ್ಯನಿಗಿಂತ ಒಳ್ಳೆಯ ಫೀಚರ್ ಯಾವ ಸಾಫ್ಟ್‌ವೇರ್‌ನಲ್ಲೂ ಇಲ್ಲ. ನಾಲ್ಕು ಊರಿನ ನಾಲ್ಕು ಜನ ಗೂಗಲ್ ಡಾಕ್ಸ್‌ನಲ್ಲಿ ಬರೆಯುತ್ತಿದ್ದರೆ ಝೊಟೆರೊದ ಗ್ರೂಪ್ ಲೈಬ್ರರಿ. ಅದರಲ್ಲೂ ಸೈಟೇಷನ್ ಹಾಕುವ ಕೆಲಸ ಒಬ್ಬರೇ ನೋಡಿಕೊಳ್ಳಲಿ, ಉಳಿದವರು ಪಕ್ಕದಲ್ಲಿ ಕಾಮೆಂಟ್ ಬರೆಯಲಿ.

ಸಮಯದ ಬಗ್ಗೆಯೂ ಒಂದು ಮಾತು. ಮೊದಲ ಸಲ ಕಳಿಸುವಾಗಲೇ ಚುಕ್ಕಿ ಕಾಮಕ್ಕೆ ಒಂದು ವಾರ ಸುರಿಯಬೇಡಿ. ಎಲ್ಸೆವಿಯರ್‌ನ ಬಹಳಷ್ಟು ಜರ್ನಲ್‌ಗಳು ಸೇರಿ ಹಲವು ಕಡೆ ಮೊದಲ ಸಲ್ಲಿಕೆಗೆ ಯಾವ ಸ್ಟೈಲ್ ಆದರೂ ನಡೆಯುತ್ತದೆ, ಪಟ್ಟಿಯುದ್ದಕ್ಕೂ ಒಂದೇ ಥರ ಇದ್ದರೆ ಸಾಕು. ಲೇಖಕರಿಗೆ ಕೊಟ್ಟಿರುವ ಸೂಚನೆಯ ಪುಟ ಓದಿ ಖಚಿತ ಮಾಡಿಕೊಳ್ಳಿ. ಆ ವಾರವನ್ನು ಹೆಸರು, ಇಸವಿ, ಡಿಒಐ ಸರಿ ಇವೆಯಾ ಅಂತ ನೋಡೋಕೆ ಕೊಡಿ.

ಆರಿಸುವ ಮುಂಚೆ ಒಂದು ಸಂಜೆ ಇಟ್ಟುಕೊಂಡು ಇಷ್ಟು ಮಾಡಿ ನೋಡಿ. ನಿಮ್ಮ ಹತ್ತು ಪೇಪರ್ ತಗೊಳ್ಳಿ. ಅದರಲ್ಲಿ ಒಂದು ಇನಿಷಿಯಲ್ ಹಿಂದಿರುವ ಹೆಸರಿನದ್ದು, ಒಂದು ಸಂಸ್ಥೆಯದ್ದು, ಒಂದು ಪುಸ್ತಕದ ಅಧ್ಯಾಯ ಇರಲಿ. ಒಳಗೆ ಹಾಕಿ, ಅರ್ಧ ಪುಟ ಬರೆದು ಸೈಟ್ ಮಾಡಿ. ವ್ಯಾಂಕೂವರ್‌ನಿಂದ ಎಪಿಎಗೆ ಬದಲಿಸಿ, ಮತ್ತೆ ವಾಪಸ್ ತನ್ನಿ. ಆ ಫೈಲನ್ನು ಗೈಡ್‌ಗೆ ಕಳಿಸಿ, ಎರಡು ಸಾಲು ತಿದ್ದಿ ವಾಪಸ್ ಕಳಿಸಿ ಅಂತ ಕೇಳಿ. ಬಂದ ಫೈಲ್‌ನಲ್ಲಿ ರಿಫ್ರೆಶ್ ಒತ್ತಿ. ನಂಬರ್‌ಗಳು ಜಾಗದಲ್ಲೇ ಇದ್ದರೆ, ಅದೇ ನಿಮ್ಮದು. ಕೆಟ್ಟಿದ್ದರೆ ಇನ್ನೊಂದನ್ನು ನೋಡಿ, ಹೋಗಿದ್ದು ಒಂದು ಸಂಜೆ ತಾನೇ. ಜರ್ನಲ್‌ಗೆ ಕಳಿಸುವ ದಿನ ಮಾತ್ರ ಫೈಲಿನ ಎರಡು ಪ್ರತಿ ಮಾಡಿಕೊಳ್ಳಿ: ಸೈಟೇಷನ್ ಜೀವಂತ ಇರುವುದೊಂದು, ಲಿಂಕ್ ಕಿತ್ತು ಸಾದಾ ಪಠ್ಯ ಮಾಡಿದ್ದೊಂದು. ಕಳಿಸೋದು ಸಾದಾ ಪ್ರತಿಯನ್ನು. ಜೀವಂತ ಪ್ರತಿ ನಿಮ್ಮ ಹತ್ತಿರವೇ ಇರಲಿ, ಮೂರು ತಿಂಗಳು ಬಿಟ್ಟು ಎರಡು ಹಳೆಯ ಪೇಪರ್ ಸೇರಿಸಿ ಅಂತ ಪತ್ರ ಬರುತ್ತದೆ.